ಒಡಂಬಡಿಕೆಗೆ ಕೊಟ್ಟ ಕೈ

29 ಡಿಸೆಂಬರ್ 2024, ರವಿವಾರ

ನಾಳೆಯ ನೇಯ್ಗೆಗೆ ನೂಲಿನ ಕಂಡಿಕೆ ಸುತ್ತಿದೆ. ರೊಟ್ಟಿ ಬಡಿದೆ. ಚರ್ಚಿಗೆ ಹೋಗಿ ಬಂದೆ. ಕರೆಂಟಿನ ಮಗ್ಗ ಇವತ್ತು ಬಂದ್.

ಮುಂದಿನ ರವಿವಾರ ಒಡಂಬಡಿಕೆಯ ಆರಾಧನೆ. ಹೊಸ ವರ್ಷಕ್ಕೆ ಸಭೆಯವರೆಲ್ಲ ಎದ್ದು ನಿಂತು ಮತ್ತೊಮ್ಮೆ ದೇವರಿಗೆ ಒಪ್ಪಿಸಿಕೊಳ್ಳುವುದು, ಆಮೇಲೆ ಕರ್ತನ ಭೋಜನ. ಪಾಸ್ಟರ್ ಪ್ರತಿ ವರ್ಷದ ಮಾತನ್ನೇ ಹೇಳಿದರು — ಯಾರ ನಡುವೆ ಜಗಳವಿದೆಯೋ ಅವರು ಮೊದಲು ಕೈ ಕೊಟ್ಟು ರಾಜಿಯಾಗಬೇಕು, ಇಲ್ಲದಿದ್ದರೆ ಭೋಜನವಿಲ್ಲ. ಇಡೀ ಚರ್ಚು ನನ್ನ ಕಡೆ ತಿರುಗಿತು. ತಿರುಗಲಿ.

ಕ್ರಿಸ್‌ಮಸ್ ದಿನ ದಾಜಿ, ಅಂದರೆ ಸಲೋಮಿ ಅಕ್ಕನ ಗಂಡ ಬಾಳಾಸಾಬ, ಅಕ್ಕನ ಕೂದಲು ಹಿಡಿದು ಓಣಿಗೆ ಎಳೆದು ತಂದ. ಹೊಟ್ಟೆಗೆ ಒದ್ದ. ಹೊಸ ಸೀರೆಯ ಮಡಿಕೆ ಕೂಡ ಇನ್ನೂ ಹೋಗಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಹಿತ್ತಾಳೆ ಕೊಡ. ಒಂದೇ ಏಟು. ಅವನ ಹಣೆ ಒಡೆದು ರಕ್ತ ಅಂಗಿಗೆ ಇಳಿಯಿತು. ಅಂದಿನಿಂದ ಅಕ್ಕ ನನ್ನ ಮನೆಯಲ್ಲಿ. ಪಶ್ಚಾತ್ತಾಪ ಬಂದಿಲ್ಲ. ಇಲ್ಲಿಯೂ ಸುಳ್ಳು ಬರೆಯಬೇಕೇ?

ಆದರೆ... ಯಜಮಾನರು ತೀರಿಕೊಂಡ ಮೇಲೆ ನಾನು ಆ ಭೋಜನ ಮುಟ್ಟಿಲ್ಲ. ದೇವರ ಜೊತೆ ಟೂ ಬಿಟ್ಟಿದ್ದೆ. ಈ ಮಳೆಗಾಲದಿಂದ ಮತ್ತೆ ಮೊಣಕಾಲೂರುತ್ತಿದ್ದೇನೆ. ಮನಸ್ಸು ಮೆತ್ತಗಾಗುತ್ತಿದೆ. ಈ ಸಲ ನಿಲ್ಲಲೇಬೇಕು. ಹಸಿವಿನಂಥ ಆಸೆ.

3 ಜನವರಿ 2025

ಪಾಸ್ಟರ್ ಬಂದರು, ಜೊತೆಗೆ ಇಬ್ಬರು ಹಿರಿಯರು. ಹಿಂದೆ ದಾಜಿ, ಹಣೆಗೆ ಪಟ್ಟಿ.

"ತಬೀತಾ, ಮೊದ್ಲ ನೀ ಕೈ ಕೊಡು. ಹೊಡದಾಕಿ ನೀನ," ಎಂದರು ಪಾಸ್ಟರ್.

"ಅಕ್ಕನ್ನ ಹೊಡದವ್ರು ಯಾರ್ರಿ?"

"ಅದು ಗಂಡಾ-ಹೇಣ್ತಿ ಮಾತು. ರಾಜಿ ಅಂದ್ಮ್ಯಾಲ ಪೂರಾ ಆಗ್ಬೇಕು. ಸಲೋಮಿನೂ ತನ್ನ ಮನಿಗಿ ಹೋಗ್ಲಿ."

ಅಕ್ಕ ನನ್ನ ಮುಖ ನೋಡಿದಳು. ನನ್ನ ಕಣ್ಣೆಲ್ಲ ರವಿವಾರದ ಮೇಲೆ. ಕೈ ಕೊಟ್ಟೆ. ದಾಜಿಯ ಅಂಗೈ ಬೆವೆತಿತ್ತು.

"ಮಾಫ ಮಾಡೀನಿ, ಹೋಗ್ಲಿ ಬಿಡು," ಎಂದ, ದೊಡ್ಡ ಮನುಷ್ಯ! ಹಿರಿಯರು ಹಲ್ಲೆಲೂಯಾ ಎಂದರು. ಅಕ್ಕ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಳು.

5 ಜನವರಿ, ರವಿವಾರ

ನಿಂತೆ. ಒಪ್ಪಿಸಿಕೊಂಡೆ. ಇನ್ನು ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ರೊಟ್ಟಿಯ ತುಣುಕು ನಾಲಿಗೆಗೆ ತಾಗಿದ್ದೇ ಅತ್ತುಬಿಟ್ಟೆ. ಸಂತೋಷ, ನಿಜವಾದ ಸಂತೋಷ. ಮುಂದಿನ ಸಾಲಿನಲ್ಲಿ ಅಕ್ಕ ಇದ್ದಳು. ತಿರುಗಿ ನೋಡಲಿಲ್ಲ.

16 ಜನವರಿ, ಮಧ್ಯಾಹ್ನ

ನೂಲಿನ ಗಾಡಿ ಈ ವಾರ ಬಂದೇ ಇಲ್ಲ. ಇಡೀ ಬೋರಗಾಂವದ ಮಗ್ಗಗಳು ಸುಮ್ಮನೆ ಕೂತಿವೆ. ಹಿಂದಿನ ಓಣಿಯಲ್ಲಿ ಮಾತ್ರ ಒಂದು ಮಗ್ಗ ಓಡುತ್ತಿತ್ತು. ದಾಜಿಯದು.

ನೂಲಿಲ್ಲದೆ ಏನು ನೇಯುತ್ತಾನೆ?

ಮಗ್ಗ ಓಡುವಾಗ ಒಳಗಿನ ಕೂಗು ಹೊರಗೆ ಕೇಳುವುದಿಲ್ಲ. ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಕೊಡಕ್ಕೆ ಕೈ ಹಾಕಿದೆ. ಮಾತು ಕೊಟ್ಟಿದ್ದೇನಲ್ಲ... ಬಿಟ್ಟೆ. ಮೊಣಕಾಲೂರಿ ಪ್ರಾರ್ಥಿಸಿದೆ, ಬೆವರು ಇಳಿಯುವಂತೆ ಪ್ರಾರ್ಥಿಸಿದೆ. ಮಗ್ಗ ನಿಂತಿತು. ನೀನು ಕೇಳಿಸಿಕೊಂಡೆ ತಂದೆಯೇ, ಸ್ತೋತ್ರ.

18 ಜನವರಿ, ಚಿಕ್ಕೋಡಿ, ಆಸ್ಪತ್ರೆ

ಅಕ್ಕನ ಬಲಗೈ ಎರಡು ಕಡೆ ಮುರಿದಿದೆ. ಮುಂದಿನ ಹಲ್ಲುಗಳಿಲ್ಲ. ಒಂದು ಕಿವಿ ಕೇಳುತ್ತಿಲ್ಲ. ಮಗ್ಗದ ಮರದ ಕೋಲಿನಿಂದ ಹೊಡೆದಿದ್ದಾನೆ. ಬಿದ್ದ ಮೇಲೂ ಹೊಡೆದಿದ್ದಾನೆ.

ಅವಳ ಪಕ್ಕದ ಮನೆಯ ರಜಿಯಾ ಬಾಗಿಲು ಒದ್ದು ಒಳಗೆ ನುಗ್ಗಿ ಮಗ್ಗದ ಸ್ವಿಚ್ ಬಂದ್ ಮಾಡಿದಳಂತೆ. ಮಗ್ಗ ನಿಂತದ್ದು ಹಾಗೆ. ನನ್ನ ಪ್ರಾರ್ಥನೆಯಿಂದಲ್ಲ.

"ನಿನಗ ಕೇಳ್ಸಲಿಲ್ಲೇನ ಬೇ?" ಎಂದಳು ರಜಿಯಾ.

"ಕೇಳ್ಸಿತ್ತು. ಪ್ರಾರ್ಥನಾ ಮಾಡಾಕತ್ತಿದ್ನಿ."

ಅವಳು ಅಕ್ಕನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಒಂದು ತುಣುಕು ರೊಟ್ಟಿಗಾಗಿ ಅಕ್ಕನನ್ನು ಆ ಮನೆಗೆ ಕಳಿಸಿದವಳು ನಾನು. ಥೂ ನನ್ನ ಭಕ್ತಿಗೆ.

2 ಫೆಬ್ರುವರಿ, ರವಿವಾರ

ಪೊಲೀಸ್ ಕೇಸ್ ಆಯಿತು. ಅಕ್ಕ ಮತ್ತೆ ನನ್ನ ಮನೆಯಲ್ಲಿ. ದಾಜಿ ಜಾಮೀನಿನ ಮೇಲೆ ಹೊರಗಿದ್ದಾನೆ. ಹೊರಗೆ ಎಂದರೆ ಚರ್ಚಿನ ಮೊದಲ ಬೆಂಚಿನಲ್ಲಿ! ಇವತ್ತು ತಿಂಗಳ ಭೋಜನ. ಪಾಸ್ಟರ್ ತಟ್ಟೆ ಎತ್ತಿದರು. ಎದ್ದು ನಿಂತೆ.

"ಪಾಸ್ಟರ, ಆವತ್ತ ಇವಂಗ ಕೊಟ್ಟ ಕೈ ವಾಪಸ್ ತಗೊಂಡೀನ್ರಿ. ಅಕ್ಕನ್ನ ಆ ಮನಿಗಿ ಕಳಸಂಗಿಲ್ಲ. ಅದಕ್ಕ ನಂಗ ಭೋಜನ ಇಲ್ಲಂದ್ರ, ಬ್ಯಾಡ."

"ಇದು ದೇವರ ಮನಿ. ಕುಂದ್ರು, ತಬೀತಾ."

"ಅದಕ್ಕ ಇಲ್ಲೇ ಹೇಳಾಕತ್ತೀನ್ರಿ."

ದಾಜಿ ಬೆಂಚು ದಾಟಿ ಬಂದು ಕಪಾಳಕ್ಕೆ ಹೊಡೆದ. ಮತ್ತೊಂದು. ಬಾಯಿತುಂಬ ರಕ್ತ. ನಾನು ಕೈ ಎತ್ತಲಿಲ್ಲ. ಕೂರಲೂ ಇಲ್ಲ. ಕೊನೆಗೆ ನಾಲ್ಕು ಜನ ಅವನನ್ನು ಹಿಡಿದು ಹೊರಗೆ ಎಳೆದರು. ಪಾಸ್ಟರ್ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು.

ಭೋಜನವಿಲ್ಲದೆ ಮನೆಗೆ ಬಂದೆ. ಮೊಣಕಾಲೂರಿದೆ, ಬಾಯಿಯ ರಕ್ತ ಇನ್ನೂ ನಿಂತಿರಲಿಲ್ಲ. ಆದರೂ ದೇವರು ಹತ್ತಿರದಲ್ಲಿದ್ದ. ಹಿಂದೆಂದೂ ಇಷ್ಟು ಹತ್ತಿರ ಇರಲಿಲ್ಲ.

3 ಫೆಬ್ರುವರಿ, ಮಧ್ಯಾಹ್ನ

ಬಾಗಿಲ ಹೊರಗೆ ದಾಜಿ. ಕುಡಿದಿದ್ದಾನೆ. ಕೈಯಲ್ಲಿ ಕೊಡಲಿ. ಪೊಲೀಸರಿಗೆ ಫೋನ್ ಮಾಡಿದೆ, ಹೊರಟಿದ್ದಾರಂತೆ. ಒಲೆಯ ಪಕ್ಕ ಈಳಿಗೆ ಇದೆ. ಕೈ ಅದರ ಕಡೆ ಹೋಗದಿರಲಿ ಎಂದು ಬರೆಯುತ್ತಿದ್ದೇನೆ.

"ಸಲೋಮಿ! ಬಾರಲೇ ಹೊರಗ! ಕಡದ ಹಾಕ್ತೀನಿ ಇಬ್ಬರ್ನೂ!"

ಅವನು ಕರೆದಾಗಲೆಲ್ಲ ಎದ್ದು ಹೋದವಳು ಅಕ್ಕ. ಈಗಲೂ ಎದ್ದಳು.

"ಅಕ್ಕಾ, ಹೋಗಬ್ಯಾಡ."

ಬಾಗಿಲವರೆಗೆ ಹೋದಳು. ಎಡಗೈ ಹಲಗೆಗೆ ಒತ್ತಿ, ಭುಜ ಕೊಟ್ಟು ನಿಂತಳು.

"ಬರಂಗಿಲ್ಲ," ಎಂದಳು. ಹಲ್ಲಿಲ್ಲದ ಬಾಯಿ. ಓಣಿಗೆಲ್ಲ ಕೇಳಿಸಿರಬೇಕು.

ಕೊಡಲಿ ಬಿತ್ತು. ಚಿಲಕದ ಮೊಳೆ ಕಿತ್ತು ಬಂತು. ಅವಳಿಗೆ ಒಂದೇ ಕೈ. ಪೆನ್ನು ಕೆಳಗಿಟ್ಟರೆ ನನಗೆ ಎರಡು. ಕರ್ತನೇ, ಎರಡನ್ನೂ ತಗೋ, ಈ ಬಾಗಿಲಿಗೆ...