ಆ ಐದರಲ್ಲೊಂದು ಚೇಳು

ವಾಳಪೈ
೯ ಫೆಬ್ರವರಿ ೨೦೨೫

ಮುದ್ದಿನ ನಜ್ಮಾಗೆ ನಿನ್ನ ಅಮ್ಮಿಯ ಸಲಾಮು.

ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದು ಎಂಟು ದಿನವಾದರೂ ನಿನಗೆ ನಾಲ್ಕು ಸಾಲು ಬರೆಯಲಿಲ್ಲ, ಸಿಟ್ಟಾಗಬೇಡ. ಜಮ್‌ಜಮ್ ನೀರು, ಖರ್ಜೂರ ಕೇಳಿಕೊಂಡು ಬರುವವರು ಇನ್ನೂ ನಿಂತಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ.

ಉಜ್ಮಾಳ ಕಾಲಿನ ಬಾವು ಇಳಿದಿದೆ ಎಂದು ನಿನ್ನ ಅಣ್ಣ ಅಬ್ರಾರ ಹೇಳಿದ. ಚೇಳು ಕುಟುಕಿ ಮೊಮ್ಮಗಳು ಮೂರು ದಿನ ಐಸಿಯುನಲ್ಲಿದ್ದರೂ ಮಕ್ಕಾದಲ್ಲಿದ್ದ ನನಗೆ ನೀವು ಯಾರೂ ತಿಳಿಸಲಿಲ್ಲ. ಮಗು ಉಳಿಯಿತು, ಅಲ್ಲಾಹನ ದಯೆ. ಆದರೆ ನೀನು ಅವಳನ್ನು ಕರೆದುಕೊಂಡು, ನಾವೆಲ್ಲ ಕೂಡಿ ಇದ್ದ ಈ ಮನೆ ಬಿಟ್ಟು ಮಡಗಾಂವಿನಲ್ಲಿ ಅಣ್ಣನ ಮನೆ ಸೇರಿದ್ದೀಯ, ಗಂಡ ಶಾನವಾಜನ ಫೋನ್ ಎತ್ತುತ್ತಿಲ್ಲ. "ಖೋಲಿ ಕಟ್ಟಾಕಂತ ಬಚ್ಚಲ ಮಗ್ಗಲಕ ಕಲ್ಲು ಒಟ್ಟಿದ್ದ, ಚೇಳು ಅದರಾಗಿಂದನ ಬಂತು" ಎಂದು ನೀನು ಅತ್ತದ್ದನ್ನೂ ಅಬ್ರಾರ ಹೇಳಿದ. ಶಾನವಾಜ ಎದುರಾಡಿಲ್ಲ. "ತಪ್ಪು ನಂದ ಐತ್ರಿ ಅಮ್ಮಿ" ಅನ್ನುತ್ತಾನೆ. ಕುಂಡಯಿಯ ಕಾರ್ಖಾನೆಯಿಂದ ಬಂದು ಸಂಜೆ ಸಂಜೆ ಒಬ್ಬನೇ ಆ ಕಲ್ಲನ್ನೆಲ್ಲ ರಸ್ತೆಗೆ ಸಾಗಿಸಿದ್ದಾನೆ. ಅಂಗೈ ಸುಲಿದಿದೆ.

ಮಕ್ಕಾದ ಮಾತು ಹೇಳುತ್ತೇನೆ. ಕಾಬಾ ಕಂಡ ಗಳಿಗೆಯಲ್ಲಿ, ಕೇಳಬೇಕೆಂದು ಕಲಿತು ಹೋಗಿದ್ದ ದುವಾ ಒಂದೂ ನೆನಪಾಗಲಿಲ್ಲ. ಆ ಪವಿತ್ರ ಹರಮ್ ನೆಲದಲ್ಲಿ ತಾನಾಗಿ ಬೆಳೆದ ಹುಲ್ಲನ್ನೂ ಕೀಳುವಂತಿಲ್ಲ. ಪಾರಿವಾಳಗಳಿಗೆ ದಾರಿ ಬಿಡುತ್ತ ಬಿಡುತ್ತ ನಿನ್ನ ಅಬ್ಬಾ ತಾವೇ ದಾರಿ ತಪ್ಪಿದರು. ಒಂದು ದಿನ ನಮ್ಮ ತಂಡದ ಮೌಲಾನಾ ಹೇಳಿದರು, "ಯಾತ್ರಾದ ಇಹ್ರಾಮ್ ವ್ರತದಾಗ ಬ್ಯಾಟಿ ಆಡೂ ಹಂಗಿಲ್ಲ. ಆದ್ರ ಕಾಗಿ, ಹದ್ದು, ಇಲಿ, ಚೇಳು, ಕಚ್ಚೂ ನಾಯಿ, ಈ ಐದನ್ನ ಹೊಡೀಬಹುದು. ಹರಮ್ ಒಳಗೂ ಹೊಡೀಬಹುದು. ಮಂದಿಗೆ ತ್ರಾಸ ಕೊಡತಾವು."

"ಚೇಳನ್ನೂ ಏನ್ರಿ?" ಎಂದು ಕೇಳಿದೆ.

"ಚೇಳನ್ನೂ, ಅವ್ವಾ. ಪಾಪಾನೂ ಇಲ್ಲ, ದಂಡಾನೂ ಇಲ್ಲ."

ಹುಲ್ಲುಕಡ್ಡಿಯನ್ನು ಕಾಯುವ ಅಷ್ಟು ದೊಡ್ಡ ಜಾಗಕ್ಕೆ ಬರಿಗಾಲಿನ ಮಕ್ಕಳ ಚಿಂತೆಯೂ ಇತ್ತಲ್ಲ ಎಂದು ಬೆರಗಾಗಿ ಕುಳಿತೆ. ಅಂದು ಊಟ ಸೇರಲಿಲ್ಲ.

ನಿನಗೂ ಉಜ್ಮಾಗೂ ಅಲ್ಲಾಹ ಆಯುಷ್ಯ ಆರೋಗ್ಯ ಕೊಡಲಿ. ನಿನ್ನ ಸಂಸಾರ ತಂಪಾಗಿರಲಿ.

ನಿನ್ನ ಅಮ್ಮಿ,
ಸಕೀನಾ

ತಾ.ಕ.: ಹೊರಡುವ ದಿನ ಅವಸರದಲ್ಲಿ ಮನೆಯಲ್ಲೇ ಇಹ್ರಾಮಿನ ನಿಯತ್ತು ಮಾಡಿ ವ್ರತ ಹಿಡಿದಿದ್ದೆ. ಆಮೇಲೆ ಕಾಲು ತೊಳೆಯಲು ಹೋದಾಗ ಬಚ್ಚಲ ಹಂಡೆಯ ಹಿಂದೆ ಚೇಳು ಕಂಡಿತು. ಚಪ್ಪಲಿ ಎತ್ತಿದೆ. ಈಗ ಜೀವ ತೆಗೆಯಬಾರದು ಎಂದು ಇಳಿಸಿದೆ. ಹೊಡೆದುಬಿಟ್ಟಾನೆಂದು ಶಾನವಾಜನಿಗೂ ಹೇಳಲಿಲ್ಲ. ಪುಣ್ಯ ಕಟ್ಟಿಕೊಂಡೆನೆಂದು ಖುಷಿಪಟ್ಟೆ. ಕಲ್ಲು ಬಂದದ್ದು ನಾನು ವಿಮಾನ ಹತ್ತಿದ ಮೇಲೆ, ಚೇಳು ಅದಕ್ಕೂ ಮೊದಲೇ ಇತ್ತು. ಮೌಲಾನಾ ಹೇಳಿದ ದಿನವಾದರೂ ಫೋನ್ ಮಾಡಬೇಕಿತ್ತು, ನಾಚಿಕೊಂಡು ಸುಮ್ಮನಾದೆ. ಅದಾಗಿ ಮೂರನೇ ದಿನ ಉಜ್ಮಾಗೆ ಕುಟುಕಿತು.

ಉಮ್ರಾಕ್ಕೆ ಹೊರಡುವಾಗ ಓಣಿಯವರನ್ನೆಲ್ಲ ಮಾಫಿ ಕೇಳಿದ್ದೆ. ಕೇಳಬೇಕಾದದ್ದು ಗಂಡ ಹೆಂಡಿರಾದ ನಿಮ್ಮಿಬ್ಬರನ್ನು. ಈ ಪತ್ರ ಶಾನವಾಜನ ಕೈಯಲ್ಲೇ ಕೊಟ್ಟಿದ್ದೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಒಳಗೇನಿದೆಯೋ ತಿಳಿಯದು. ನೀನು ಓದಿ ಮುಗಿಸುವವರೆಗೂ ಹೊರಗೇ ನಿಂತಿರುತ್ತಾನೆ. ಮೊದಲು ಅವನನ್ನು ಒಳಗೆ ಕರೆ. ನನ್ನನ್ನು ಬೈಯುವುದು ಆಮೇಲಿರಲಿ.