ಶತ್ರುವಿಗೊಂದು ಹಲ್ಲಿನ ಸೆಟ್ಟು

ಮಾರ್ಚ್ 9, ಭಾನುವಾರ

ನನ್ನ ಯಜಮಾನರಿಗೆ,

ಕರ್ತನ ಹೆಸರಿನಲ್ಲಿ ವಂದನೆ. ಮೂರು ವಾರ ಕಾಗದ ಬರೆಯದ್ದಕ್ಕೆ ಬೈಯಬೇಡಿ. ಪೊಲೀಸರು ಅಂಚೆ ಒಡೆದು ಓದುತ್ತಾರಂತೆ, ಅದಕ್ಕೇ ಭಾವ ನಿಮ್ಮಲ್ಲಿಗೆ ಹೊರಡುವವರೆಗೆ ಕಾದೆ. ಬಾಯಿಯ ಗಾಯ ಮಾಗಿತೇ? ಅಕ್ಕ ಮೆತ್ತಗಿನದ್ದೇ ಬಡಿಸುತ್ತಿದ್ದಾಳೆ ತಾನೇ?

ಪ್ರಾರ್ಥನೆ ನಿಂತಿಲ್ಲ. ನಮ್ಮ ಮನೆಯ ಪ್ರಾರ್ಥನೆ ಹಾಲ್‌ಗೆ ಬೀಗಮುದ್ರೆ ಹಾಕಿದರೇನಂತೆ, ಏಳು ಜನ ಲಾಂಡ್ರಿಯವಳ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಬಟ್ಟೆ ಒಗೆಯುವ ಯಂತ್ರ ಹಾಕಿ ಆ ಗದ್ದಲದಲ್ಲಿ ಹಾಡುತ್ತೇವೆ. ಯಂತ್ರ ನಿಂತರೆ ಬಾಯಿಗಳೂ ನಿಲ್ಲಬೇಕು. ಮೊನ್ನೆ ಹಾಗೆ ನಿಂತಾಗ, ಕಿವಿ ಕೇಳದ ಅವಳ ಅತ್ತೆ ಒಬ್ಬರೇ ರಾಗ ಎಳೆಯುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀವಿದ್ದಾಗಲೂ ನಾವು ಹಾಗೆ ನಕ್ಕಿರಲಿಲ್ಲ.

ಇನ್ನು ಅಸಲು ವಿಷಯ. ದಾಳಿಯ ದಿನ ನಿಮ್ಮ ಹಲ್ಲು ಉದುರಿಸಿದ ಆ ಪೊಲೀಸ್ ಅಧಿಕಾರಿ, ನಾನು ಕೆಲಸಕ್ಕಿರುವ ಹಲ್ಲಿನ ಡಾಕ್ಟರ ಹತ್ತಿರವೇ ಬಂದ, ಕೆಳಗಿನ ಸಾಲಿಗೆ ಹಲ್ಲಿನ ಸೆಟ್ಟು ಬೇಕೆಂದು. ಸೆಟ್ಟು ಮಾಡುವವಳು ನಾನು. ದೇವರೇ ಅವನ ಬಾಯನ್ನು ತಂದು ನನ್ನ ಕೈಗೆ ಹಾಕಿದ ಅಂದುಕೊಂಡೆ. ಬಲಗಡೆಯ ದವಡೆ ಹಲ್ಲೊಂದನ್ನು ಕೂದಲೆಳೆಯಷ್ಟು ಎತ್ತರ ಬಿಟ್ಟೆ. ಕಣ್ಣಿಗೆ ಕಾಣದು, ಆದರೆ ಅಗಿದಾಗಲೆಲ್ಲ ಒಸಡಿಗೆ ಒತ್ತಿ ಪ್ರಾಣ ಹಿಂಡುತ್ತದೆ. ಬೇಕೆಂದೇ ಮಾಡಿದೆ. ತುತ್ತು ತುತ್ತಿಗೂ ಅವನ ಕಣ್ಣಲ್ಲಿ ನೀರು ಬರಲಿ ಎಂದು ಮಾಡಿದೆ. ಸುಳ್ಳೇಕೆ ಹೇಳಲಿ, ಮೂರು ದಿನ ಸುಖವಾಗಿ ಉಂಡೆ, ಮಲಗಿದೆ.

ನಾಲ್ಕನೇ ದಿನ ಕೆನ್ನೆ ಊದಿಸಿಕೊಂಡು ಬಂದ. "ಮೇಡಂ, ಊಟಾನೇ ಸೇರ್ತಿಲ್ಲ. ಏನೋ ಒತ್ತುತ್ತೆ," ಅಂದ. ಡಾಕ್ಟರು "ನೀನೇ ನೋಡಮ್ಮ" ಎಂದು ಹೋದರು. ನೀಲಿ ಕಾಗದ ಕಚ್ಚಿಸಿದೆ. ಎತ್ತರವಿದ್ದ ಕಡೆ ಬಣ್ಣ ಹತ್ತಿತು. "ಹೊಸದಲ್ವಾ, ಒಂದು ತಿಂಗಳು ತಡ್ಕೊಳ್ಳಿ" ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಉಜ್ಜಿ ಸರಿಮಾಡಿ ಕೊಟ್ಟೆ. ಕ್ಷಮಿಸಿಬಿಟ್ಟಳು ಎಂದು ಅಕ್ಕನ ಮುಂದೆ ಕೊಚ್ಚಿಕೊಳ್ಳಬೇಡಿ. ಉಜ್ಜುವಾಗಲೂ ಶಪಿಸುತ್ತಲೇ ಇದ್ದೆ. ಅವನಿಗಾಗಿ ಪ್ರಾರ್ಥಿಸು ಎಂದರೆ ಇವತ್ತಿಗೂ ನನ್ನಿಂದಾಗದು.

ಕರ್ತನು ನಿಮ್ಮನ್ನು ಕಾಯಲಿ, ಬೇಗ ಗುಣಪಡಿಸಲಿ.

ನಿಮ್ಮ,
ಹಲ್ಲಿನವಳು

ತಾ.ಕ.: ದಾಳಿಯ ದಿನ ಅಡುಗೆಮನೆಯಲ್ಲಿ ಅಡಗಿದ್ದರಿಂದ ನಾನು ಉಳಿದೆ ಎಂದು ನೀವು ನಂಬಿದ್ದೀರಿ. ಅಲ್ಲ. ಆ ಅಧಿಕಾರಿಯೇ ನನ್ನನ್ನು ಬಾಗಿಲಲ್ಲಿ ತಡೆದು, "ನೀನೂ ಇವರ ಪೈಕೀನಾ?" ಎಂದ. ಒಳಗೆ ನೀವು ನರಳುವುದು ಕೇಳುತ್ತಿತ್ತು. "ಅಲ್ಲ ಸಾರ್, ಪಕ್ಕದ ಮನೆಯವಳು" ಎಂದು ಚಪ್ಪಲಿ ಮೆಟ್ಟಿ ನಡೆದುಬಿಟ್ಟೆ. ಅವನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಮೊನ್ನೆ ನೀಲಿ ಕಾಗದ ಕಚ್ಚಿಸಿ ನಾನು ಮಾಸ್ಕ್ ಸರಿಸಿದಾಗ ಅವನು ಮುಖ ದಿಟ್ಟಿಸಿ, "ನೀವು ಆ ಪ್ರಾರ್ಥನೆ ಮನೆ ಪಕ್ಕದವರಲ್ವಾ?" ಎಂದ. "ಪಕ್ಕದವಳಲ್ಲ, ಆ ಮನೆಯವಳೇ. ನಾನೂ ಅವರ ಪೈಕೀನೇ," ಎಂದೆ. ಹಾಗೆಂದ ಮೇಲೆ ಮೋಸದ ಹಲ್ಲು ಕೊಡಲು ಮನಸ್ಸು ಬರಲಿಲ್ಲ. ನಾಳೆ ಠಾಣೆಗೆ ಬರಹೇಳಿದ್ದಾರೆ. ಹೆದರಿಕೆಯಿದೆ, ಆದರೆ ಎಷ್ಟೋ ದಿನದ ಮೇಲೆ ಖುಷಿಯೂ ಇದೆ. ನೀವು ನನ್ನನ್ನು ಕ್ಷಮಿಸುತ್ತೀರೋ ಇಲ್ಲವೋ, ಅಲ್ಲಿಯೂ ಅದನ್ನೇ ಹೇಳುತ್ತೇನೆ.