ಐದು ರ‍್ಯಾಂಡಿನ ಬೆಲ್ಟ್ ಗ್ರೈಂಡರ್

3 ಮಾರ್ಚ್, ಸಂಜೆ
ಚಾಕುವಿನ ಉಕ್ಕನ್ನು ನಲವತ್ತು ನಿಮಿಷ ಅರದಿಂದ ಉಜ್ಜಿದೆ. ಮಣಿಕಟ್ಟು ಮತ್ತೆ ಊದಿತು. ನನ್ನ ಹೆಂಡತಿ ಎಲ್ಮರಿ ಬಿಗಿಯಾಗಿ ಐಸ್ ಕಟ್ಟಿದಳು. ಅಷ್ಟು ಬಿಗಿ ಕಟ್ಟಿದರೆ ಅದೂ ಒಂದು ಬೈಗುಳ. ಡಾಕ್ಟರ್ ಖಡಾಖಂಡಿತ — ಅರ ಬಿಡಬೇಕು. ಅಂದರೆ ಮೋಟಾರಿನಿಂದ ಓಡುವ ಒರಟು ಪಟ್ಟಿಯ ಮೇಲೆ ಉಕ್ಕು ಸವೆಸುವ ಬೆಲ್ಟ್ ಗ್ರೈಂಡರ್ ಬೇಕು, ಇಲ್ಲವೇ ಚಾಕು ಮಾಡುವ ಹುಚ್ಚು ಇಲ್ಲಿಗೆ ಮುಗಿಯಿತು. ಮುಗಿದರೆ ಶನಿವಾರ ಏನು ಮಾಡುವುದು? ಹದಿನೆಂಟು ವರ್ಷದಿಂದ ಶನಿವಾರವೆಂದರೆ ನನ್ನ ಗ್ಯಾರೇಜು, ಕಾಫಿ, ರಸ್ಕು, ಎದುರು ಸ್ಟೂಲಿನಲ್ಲಿ ಸ್ಕಾಲ್ಕ್. ಅವನು ತೋಟಗಳ ಗಾಳಿಯಂತ್ರ ರಿಪೇರಿ ಮಾಡುವವನು. ನಾನು ಉಜ್ಜುತ್ತೇನೆ, ಅವನು ತಪ್ಪು ಹುಡುಕುತ್ತಾನೆ.

8 ಮಾರ್ಚ್
ನಮ್ಮೂರು ಗ್ರಾಫ್ ರೈನೆಟ್‌ನಲ್ಲಿ ಇರುವುದೊಂದೇ ಅಂಗಡಿ, ಇದ್ದದ್ದೊಂದೇ ಗ್ರೈಂಡರ್. ಒಂದಿಂಚು ಅಗಲದ ಬೆಲ್ಟ್. ಬ್ಲೇಡ್ ಒತ್ತಿದೆ — ನಿಂತೇ ಹೋಯಿತು.
"ಮೆತ್ತಗೆ ಒತ್ತಬೇಕು, ಅಂಕಲ್," ಅಂದ ಅಂಗಡಿಯವನು.
"ಉಕ್ಕು ಕಣಪ್ಪ ಇದು, ಬೆಣ್ಣೆ ಅಲ್ಲ."
ಎರಡಿಂಚು ಅಗಲ, ಎಪ್ಪತ್ತೆರಡು ಇಂಚು ಉದ್ದದ ಬೆಲ್ಟ್ ಓಡುವಂಥದ್ದೇ ಆಗಬೇಕು. ಹೊಸದರ ಬೆಲೆ ಕೇಳಿ ಫೋನ್ ಇಟ್ಟೆ. ಹಳೆಯದೊಂದು ಆನ್‌ಲೈನ್‌ನಲ್ಲಿದೆ, ಫೋಟೋ ಎಡಬದಿಯದು ಮಾತ್ರ. ಬಲಬದಿ ಕಳಿಸಿ ಅಂದೆ. ಅದೇ ಫೋಟೋ ತಿರುಗಿಸಿ ಕಳಿಸಿದ್ದಾನೆ ಪುಣ್ಯಾತ್ಮ! ಅಕ್ಷರಗಳೆಲ್ಲ ಉಲ್ಟಾ. ನನ್ನನ್ನು ಏನೆಂದುಕೊಂಡ? ಇಪ್ಪತ್ತಾರು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವನು ನಾನು. ಯಾರ ಗೋಡೆಯ ಹಿಂದೆ ಕಳ್ಳ ತಂತಿ ಇದೆ ಅಂತ ಅವರು ಗುಡ್ ಮಾರ್ನಿಂಗ್ ಹೇಳುವ ರೀತಿಯಲ್ಲೇ ಗೊತ್ತಾಗುತ್ತದೆ.

22 ಮಾರ್ಚ್, ಶನಿವಾರ
ಸ್ಕಾಲ್ಕ್ ಪಿಕಪ್ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಹಿಂದೆ, ಕಂಬಳಿಯಲ್ಲಿ ಸುತ್ತಿದ ಬೆಲ್ಟ್ ಗ್ರೈಂಡರ್. ಎರಡು-ಎಪ್ಪತ್ತೆರಡು. ಗಾಳಿಯಂತ್ರದ ಕಬ್ಬಿಣದ ತುಂಡುಗಳನ್ನೇ ಬೆಸೆದು ಮಾಡಿದ್ದು.
"ಎಲ್ಲಿಂದ ಬಂತೋ ಇದು?"
"ಬಂತು. ನಿನಗೇ."
"ಯಾಕೆ?"
"ಸುಮ್ನೆ."
"ಸುಮ್ನೆ ಯಾರ್ ಕೊಡ್ತಾರೋ ಇಂಥದ್ನ?"
"ಸರಿ, ಐದು ರ‍್ಯಾಂಡ್ ಕೊಡು. ದುಡ್ಡು ಕೊಟ್ಟು ತಗೊಂಡೆ ಅಂತ ಇರ್ಲಿ."
ಕೊಟ್ಟೆ. ನಾಣ್ಯ ಜೇಬಿಗೆ ಹಾಕಿಕೊಂಡು ಎರಡು ರಸ್ಕು ತಿಂದು ಹೋದ. ಆ ಮಾತು ಮಾತ್ರ ಇನ್ನೂ ಕೊರೆಯುತ್ತಿದೆ. ದುಡ್ಡು ಕೊಟ್ಟು ತಗೊಂಡೆ ಅಂತ ಯಾಕಿರಬೇಕು? ಯಾರಿಗೆ ತೋರಿಸಲು?

26 ಮಾರ್ಚ್, ಮಧ್ಯಾಹ್ನ 3
ಬೆಲ್ಟ್ ಒಂದು ಕೂದಲಿನಷ್ಟೂ ಅಲ್ಲಾಡುವುದಿಲ್ಲ. ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಇಷ್ಟು ಒಳ್ಳೆಯದು ಐದು ರ‍್ಯಾಂಡಿಗೆ?
ಇವತ್ತು ಮೋಟಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ತಯಾರಕರ ಹೆಸರಿನ ತಗಡಿಲ್ಲ. ಕಿತ್ತ ಗುರುತಿದೆ. ಹೋದ ತಿಂಗಳು ಯಾವುದೋ ತೋಟದ ಶೆಡ್ಡಿನಿಂದ ಮೋಟಾರು ಕದ್ದರೆಂದು ಊರಿನ ಕಾವಲು ಗುಂಪಿನಲ್ಲಿ ಬಂದಿತ್ತಲ್ಲ... ತೋಟಗಳಿಗೆ ಹೋಗಿಬರುವವನು ಯಾರು? ನಾಳೆ ಸಿಕ್ಕಿಬಿದ್ದರೆ ನನ್ನ ಕಡೆ ಕೈ ತೋರಿಸಿ 'ಲೌರೆನ್ಸ್ ದುಡ್ಡು ಕೊಟ್ಟಿದ್ದಾನೆ' ಅನ್ನಬಹುದು.
ಫೋಟೋ ತೆಗೆದು ಅದೇ ವಾಟ್ಸಾಪ್ ಗುಂಪಿಗೆ ಹಾಕಿದೆ. 'ಈ ಮೋಟಾರು ಯಾರದು? ನನಗೆ ಐದು ರ‍್ಯಾಂಡಿಗೆ ಬಂದಿದೆ.' ಸ್ಕಾಲ್ಕ್ ಹೆಸರು ಹಾಕಲಿಲ್ಲ. ಅಷ್ಟು ಮರ್ಯಾದೆ ನನಗಿದೆ.

ಅದೇ ದಿನ, 3.40
ಊರಾಚೆಯ ತೋಟದ ಬೆಟ್ಟಿ ಆಂಟಿಯ ಧ್ವನಿ ಸಂದೇಶ. ಗುಂಪಿನ ಇನ್ನೂರು ಜನಕ್ಕೂ ಕೇಳುವಂತೆ.
"ಅದು ನಮ್ಮ ತೋಟದ ಮೋಟಾರು ಕಣೋ ಲೌರೆನ್ಸ್. ಸ್ಕಾಲ್ಕ್ ನಮ್ಮ ಗಾಳಿಯಂತ್ರ ಮೂರು ದಿನ ರಿಪೇರಿ ಮಾಡಿದ. ಕೂಲಿ ಬೇಡ, ಆ ಹಳೇ ಮೋಟಾರು ಕೊಡಿ ಅಂದ. ಗೆಳೆಯನ ಕೈ ಕೆಟ್ಟಿದೆ ಅಂದ. ತಗಡು ಕಿತ್ತಿದ್ದು ನನ್ನ ಗಂಡ, ಬಣ್ಣ ಹೊಡೆಯೋವಾಗ. ನೀನೇನು, ಅವನನ್ನ ಕಳ್ಳ ಅಂತೀಯಾ?"
ನಾನು ಹೆಸರು ಹಾಕಿರಲಿಲ್ಲ. ಅವಳು ಹಾಕಿದಳು. ಫೋಟೋ ಅಳಿಸಿದೆ. ಅಷ್ಟರಲ್ಲಿ ನೋಡಿದವರೆಲ್ಲ ನೋಡಿಯಾಗಿತ್ತು. ಸ್ಕಾಲ್ಕ್ ಕೂಡ.

29 ಮಾರ್ಚ್, ಶನಿವಾರ
ಬರಲಿಲ್ಲ. ಎಲ್ಮರಿ ಎರಡೇ ಕಪ್ ಕಾಫಿ ಮಾಡಿದಳು.
"ನೀನು ಯಾರಿಗಾದ್ರೂ ಚಾಕು ಕೊಡೋವಾಗ ಏನ್ ಮಾಡ್ತೀಯಾ?"
"ಒಂದು ಕಾಸು ಇಸ್ಕೋತೀನಿ. ಹರಿತವಾದ್ದು ಪುಕ್ಕಟೆ ಕೊಟ್ರೆ ಸ್ನೇಹ ಕತ್ತರಿಸುತ್ತೆ ಅಂತ..."
"ಅವನೂ ಅದಕ್ಕೇ ಇಸ್ಕೊಂಡಿದ್ದು, ದಡ್ಡ. ಚಾಕು ಮಸೆಯೋ ಯಂತ್ರ ಅಲ್ವಾ ಅದು?"
ಊರಿಗೆಲ್ಲ ಚಾಕು ಕೊಟ್ಟವನಿಗೆ ಇದು ಹೊಳೆಯಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

13 ಏಪ್ರಿಲ್, ಭಾನುವಾರ
ಸ್ಕಾಲ್ಕ್‌ಗೆ ಎರಡು ಸಲ ಫೋನ್ ಮಾಡಿದ್ದೆ, ಎತ್ತಿರಲಿಲ್ಲ. ಇವತ್ತು ಚರ್ಚಿನ ಗೇಟಿನಲ್ಲಿ ಎದುರಾದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಟೋಪಿ ತೆಗೆದ.
"ನಮಸ್ಕಾರ. ಚೆನ್ನಾಗಿದ್ದೀರಾ? ಕೈ ಹೇಗಿದೆ ಈಗ ನಿಮ್ದು?"
ಚೆನ್ನಾಗಿದ್ದೀರಾ. ನಿಮ್ದು. ಬ್ಯಾಂಕ್ ಮ್ಯಾನೇಜರಿಗೆ, ಪಾದ್ರಿಗೆ ಹೀಗೆ ಮಾತಾಡುತ್ತಾನೆ ಅವನು. ನನಗೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಇಲ್ಲ. ಕೈ ಪರವಾಗಿಲ್ಲ ಅಂದೆ. "ಒಳ್ಳೇದು," ಅಂದು ಮೆಟ್ಟಿಲು ಹತ್ತಿದ. ಒಳಗೆ ಮೂರು ಸಾಲು ಮುಂದೆ ಕುಳಿತಿದ್ದ. ಪಾದ್ರಿ ಏನು ಹೇಳಿದರೋ ಒಂದಕ್ಷರ ಗೊತ್ತಿಲ್ಲ.

19 ಏಪ್ರಿಲ್, ಶನಿವಾರ, ಬೆಳಿಗ್ಗೆ 7
ಅವನ ಮನೆಗೆ ಹೊರಟಿದ್ದೇನೆ. ಬರೀ ಕೈಯಲ್ಲಿ. ಏನಾದರೂ ಒಯ್ದರೆ ಲಂಚದ ಹಾಗೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ — ಎಲ್ಮರಿ ನೋಡಿ ನಗಲಿಲ್ಲ. 'ಸ್ಕಾಲ್ಕ್, ತಪ್ಪು ನಂದು ಕಣೋ, ನೀನು ನನಗೆ...' ಹೌದು, ನೀನು ಅಂತಲೇ ಶುರು ಮಾಡಬೇಕು. ಅದೊಂದನ್ನು ಬಿಟ್ಟುಕೊಡಬಾರದು. ಬಾಗಿಲು ತೆಗೆಯುತ್ತಾನೆ, ತೆಗೆದೇ ತೆಗೆಯುತ್ತಾನೆ, ಹೊರಗೆ ನಿಲ್ಲಿಸುವಂಥವನಲ್ಲ ಅವನು. ತೆಗೆದು, 'ಬನ್ನಿ, ಕೂತ್ಕೊಳ್ಳಿ' ಅಂದರೆ —